ಹೊಸ ರ‍್ಯಾಮಿಗೆ ಜೋಡಿ ಕಟ್ಟಿದ್ದು

ತಿಳಿಯದ ಮಾತಿಗೂ ತಲೆಯಾಡಿಸುವುದು ಒಂದು ರೋಗ. ಇದಕ್ಕೆ ಯಾವ ದವಾಖಾನೆಯಲ್ಲೂ ಔಷಧವಿಲ್ಲ. ನನಗೆ ಇದು ಅಂಟಿದ್ದು ಶಾಲೆಯಲ್ಲಿ. ಮಾಸ್ತರರು “ತಿಳೀತೇನ್ರೋ?” ಎಂದರೆ ಎಲ್ಲರಿಗಿಂತ ಮೊದಲು ಅಲ್ಲಾಡುತ್ತಿದ್ದುದು ನನ್ನ ತಲೆಯೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ, ರೋಗ ಬಿಡಲಿಲ್ಲ. ಈಗಲೂ ಬೀಜದ ಅಂಗಡಿಯವರು ಔಷಧ ಹೊಡೆಯುವ ಕ್ರಮ ಹೇಳುವಾಗ ಗಂಭೀರವಾಗಿ ತಲೆಯಾಡಿಸಿ ಬರುತ್ತೇನೆ. ಮನೆ ಮುಟ್ಟಿದ ಮೇಲೆ ಅವರಿಗೇ ಫೋನ್ ಮಾಡುತ್ತೇನೆ.

ತಂಗಿ ಗಿರಿಜಾ ಹಾಗಲ್ಲ. ತಿಳಿಯುವವರೆಗೆ ಎದುರಿನವರನ್ನು ಬಿಡುವುದಿಲ್ಲ. ಯಾವಗಲ್ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸುತ್ತಲಿನ ಫೋಟೋಗ್ರಾಫರುಗಳಿಗೆ ಮದುವೆಯ ವಿಡಿಯೋ ಜೋಡಿಸಿ ಕೊಡುತ್ತಾಳೆ. ಈಚೆಗೆ ಕಂಪ್ಯೂಟರಿಗೆ ಸುಸ್ತು ಬಂದು, ಪರದೆಯ ಮೇಲಿನ ಮದುಮಗ ತಾಳಿ ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದ. ಹೊಸ ರ‍್ಯಾಮ್ ಎಂಬ ನೆನಪಿನ ಪಟ್ಟಿ ಹಾಕಿಸಬೇಕೆಂದು ಅವಳು ನರಗುಂದದ ಅಂಗಡಿಗೆ ಫೋನ್ ಮಾಡಿ, ಸಿಪಿಯು ಡಬ್ಬಿಯನ್ನು ನನ್ನ ಕೈಯಲ್ಲಿ ಕಳಿಸಿದಳು.

ಅಂಗಡಿಯ ಈರಪ್ಪ ಒಳ್ಳೆಯ ಮನುಷ್ಯ. ಚಹಾ ತರಿಸಿದ, ಹಳೆಯ ರ‍್ಯಾಮ್ ತೆಗೆದು ಹೊಸದು ಕೂರಿಸಿದ. ಹಳೆಯದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಏನೋ ಬಹಳ ಹೊತ್ತು ಹೇಳಿದ. ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಎಣ್ಣೆಗೆ ಇಳಿಯುತ್ತಿತ್ತು. ನಾನು ಭಜಿ ನೋಡುತ್ತ ತಲೆಯಾಡಿಸಿದೆ.

ಮನೆಗೆ ಬಂದು ಡಬ್ಬಿಯ ಬಾಗಿಲು ತೆಗೆದು ಹೊಸದನ್ನು ನೋಡಿದೆ. ಅದರ ಪಕ್ಕದ ಜಾಗ ಖಾಲಿ! ನಮ್ಮಲ್ಲಿ ಹೊಸ ಎತ್ತು ತಂದರೆ ಒಂಟಿಯಾಗಿ ಕಟ್ಟುವುದಿಲ್ಲ. ಪಳಗಿದ ಹಳೆಯ ಎತ್ತಿನ ಜೊತೆ ಹೂಡುತ್ತೇವೆ, ಅದನ್ನು ನೋಡಿ ಇದು ಸಾಲು ಕಲಿಯುತ್ತದೆ. ಮೇಲಾಗಿ ಇಷ್ಟು ವರ್ಷ ದುಡಿದ ಹಳೆಯದನ್ನು ಕಾಗದದಲ್ಲಿ ಸುತ್ತಿ ಮೂಲೆಗೆ ಹಾಕುವುದಕ್ಕೆ ಮನಸ್ಸು ಒಪ್ಪಲಿಲ್ಲ. ಈರಪ್ಪ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆನಲ್ಲ, ಖಾಲಿ ಜಾಗದಲ್ಲಿ ಅದನ್ನು ಒತ್ತಿ ಕೂರಿಸಿ ಬಾಗಿಲು ಹಾಕಿದೆ. ಪುಣ್ಯದ ಕೆಲಸ ಮಾಡಿದಷ್ಟು ಸಮಾಧಾನವಾಯಿತು.

ಸಂಜೆ ಗಿರಿಜಾ ಸಿಡಿದೆದ್ದಳು. “ಮೂರು ಸಾವಿರದ ಎರಡನೂರರ ವೇಗ ಅಂತ ಹೇಳಿ ಕೊಟ್ಟಾನ. ಇಲ್ಲಿ ನೋಡಿದ್ರ ಎರಡು ಸಾವಿರದ ನಾನೂರು ತೋರಸ್ತದ! ಬಂದ್ ಮಾಡಿ ಚಾಲೂ ಮಾಡಿದೆ, ಸೆಟ್ಟಿಂಗ್ ಎಲ್ಲಾ ನೋಡಿದೆ. ಮೋಸ ಮಾಡ್ಯಾನಣ್ಣಾ ಆ ಈರಪ್ಪ!”

ನಾನು ಒಳಗೆ ಕೂರಿಸಿದ ಹಳೆಯದು ನೆನಪಾಯಿತು. “ಹೊಸಾದೈತಿ, ರೂಢಿ ಆಗ್ಲಿ ತಡೀ,” ಎಂದೆ.

“ಅದೇನ್ ಹೋರಿ ಏನು, ರೂಢಿ ಆಗಾಕ? ನಾಳೆ ನಡಿ, ನಾಕ ಮಂದಿ ಮುಂದ ಕೇಳ್ತೀನಿ ಅವನ್ನ.”

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮರುದಿನ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಈರಪ್ಪನ ಚಹಾ ನೆನೆಯುತ್ತ ಕೂತೆ. ನರಗುಂದದ ಗುಡ್ಡ ಹತ್ತಿರವಾದಂತೆ ಡಬ್ಬಿ ಭಾರವಾಗುತ್ತ ಹೋಯಿತು.

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಗಿರಿಜಾ ಹೊಸ್ತಿಲಿನಿಂದಲೇ ಶುರು ಮಾಡಿದಳು. “ಏನ್ರಿ ಈರಪ್ಪ, ಹಳ್ಳಿ ಮಂದಿಗೆ ತಿಳಿಯೂದಿಲ್ಲ ಅಂತ ಹಳೇ ಮಾಲ ಕೊಟ್ಟೀರೇನು?” ಗಿರಾಕಿಗಳೆಲ್ಲ ತಿರುಗಿದರು. ಈರಪ್ಪನ ಮುಖ ಬಾಡಿತು. “ಇಲ್ರೀ ಅಕ್ಕಾರ, ಹಂಗ ಮಾಡೂ ಮನಶ್ಯಾ ಅಲ್ರಿ ನಾ,” ಎನ್ನುತ್ತ ಸ್ಕ್ರೂಡ್ರೈವರ್ ಹುಡುಕಿದ. ಆ ಮುಖ ನೋಡಲಾಗಲಿಲ್ಲ.

“ಬಿಚ್ಚೂದು ಬ್ಯಾಡ್ರಿ. ಹಳೇದನ್ನ ಮತ್ತ ಹಾಕಿದಾವ ನಾನ,” ಎಂದೆ.

ಯಾಕೆಂದು ಗಿರಿಜಾ ಕೇಳಿದಾಗ ಎತ್ತಿನ ವಿಷಯವನ್ನೂ ಹೇಳಬೇಕಾಯಿತು. ಮೊದಲು ನಕ್ಕವನು ಈರಪ್ಪ. “ಅದನ್ನ ಹೇಳಿದ್ನಲ್ರೀ ನಿನ್ನಿ! ಎರಡೂ ಕೂಡಿ ಹಾಕಿದ್ರ ಹೊಸಾದು ಹಳೇದರ ಹೆಜ್ಜಿಗೇ ನಡೀತದ. ಭಾಳ ಚಲೋ ತಲಿ ಆಡಿಸಿದ್ರಿ ನೀವು!”

ಗಿರಿಜಾ ಕೈಮುಗಿದು “ತಪ್ಪಾತ್ರಿ, ಸುಮ್ಮಸುಮ್ಮನ ಅಂದೆ,” ಎಂದಳು. ನನ್ನ ಕಡೆ ನೋಡಲೇ ಇಲ್ಲ. ಈರಪ್ಪ ಹಳೆಯದನ್ನು ತೆಗೆದು ಚಾಲೂ ಮಾಡಿದೊಡನೆ ಅಂಗಡಿಯ ಪರದೆಯ ಮೇಲೆ ಸರಿಯಾದ ಅಂಕಿ ಮೂಡಿತು. ಈರಪ್ಪ ಮತ್ತೆ ಚಹಾ ತರಿಸಿದ.

ಊರಲ್ಲಿ ಬಸ್ಸಿಳಿದು, ಡಬ್ಬಿಯ ಚೀಲದ ಒಂದು ಹಿಡಿಕೆ ಅವಳು, ಇನ್ನೊಂದು ನಾನು ಹಿಡಿದು ಹೊರಟೆವು. ಅವಳದು ಬಿರುಸು ನಡಿಗೆ, ನನ್ನದು ಮೊಣಕಾಲು ನೋವಿನದು. ಚೀಲ ಎರಡು ಸಲ ಜಗ್ಗಿತು. ಆಮೇಲೆ ಅವಳೇ ಹೆಜ್ಜೆ ಸಣ್ಣದು ಮಾಡಿ, ಬೆಳಗಿನಿಂದ ಮೊದಲ ಸಲ ನಕ್ಕಳು.

“ಈಗರೇ ತಿಳೀತಾ ಅಣ್ಣಾ, ಅವ ಹೇಳಿದ್ದು?”

ಈ ಸಲ ಖರೇನೇ ತಿಳಿದಿತ್ತು. ಆದರೆ ತಲೆಯಾಡಿಸಲು ಧೈರ್ಯ ಬರಲಿಲ್ಲ.