ಮೀನಿಗೆ ಹೊದಿಸಿದ ಕಂಬಳಿ

ಯಾರಾದರೂ ನನಗೊಂದು ಜವಾಬ್ದಾರಿ ಒಪ್ಪಿಸಿದರೆ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿಬಿಡುವ ಚಟ ನನ್ನದು. ಆ ಹೆಚ್ಚಿನ ಒಂದು ಕೈಯೇ ಎಲ್ಲ ಕೆಡಿಸುವುದು ಎಂದು ನನ್ನ ಹೆಂಡತಿ ಸುಧಾ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಶಾಲಿನಿ ಅಕ್ಕ. ಇದೇ ಊರಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಂಟಿ ಜೀವ. ಅವರು ಮೈಸೂರಿಗೆ ಹೊರಟಾಗ ಮನೆಯ ಕೀಲಿಯನ್ನೂ ತಮ್ಮ ಹನ್ನೆರಡು ಮೀನುಗಳನ್ನೂ ನನಗೆ ಒಪ್ಪಿಸಿದರು. "ದಿನಾ ಒಂದು ಚಿಟಿಕೆ ಊಟ ಹಾಕಿ ಸಾಕು ಶ್ರೀಧರ್. ಬೇರೇನೂ ಮಾಡ್ಬೇಡಿ. ಈ ಮನೇಲಿ ನಂಗೆ ಅವೇ ಜನ," ಎಂದಿದ್ದರು.

ನಿಯಾನ್ ಟೆಟ್ರಾ ಎಂಬ ಜಾತಿ. ಕಿರುಬೆರಳಿನ ಅರ್ಧದಷ್ಟು ಮೈ, ಅದರ ಮೇಲೊಂದು ಹೊಳೆಯುವ ನೀಲಿ ಗೀಟು, ಬಾಲದ ಕಡೆಗೆ ಕುಂಕುಮದ ಕೆಂಪು. ಒಂದು ತಿರುಗಿದರೆ ಎಲ್ಲವೂ ತಿರುಗುತ್ತವೆ. ಯಾರು ಮುಂದಾಳು ಎಂದು ನಾನು ದಿನಾ ಗಮನಿಸಿದೆ, ಯಾರೂ ಅಲ್ಲ. ನಮ್ಮ ಕನ್ನಡಿಗರ ಪಿಕ್‌ನಿಕ್ಕಿನಲ್ಲೂ ಹೀಗೆಯೇ, ಒಬ್ಬರು ಊಟಕ್ಕೆ ಎದ್ದರೆ ಸಾಕು. ಈ ಓಡಾಟದಲ್ಲಿ ಅವು ಹನ್ನೆರಡು ಇವೆಯೋ ಇಲ್ಲವೋ ಎಂದು ಎಣಿಸಲು ನನಗೆ ಒಂದು ದಿನವೂ ಆಗಿರಲಿಲ್ಲ.

ಅಕ್ಕ ಮರಳುವ ಹಿಂದಿನ ಸಂಜೆ ಕರೆಂಟು ಹೋಯಿತು. ಜುಲೈ ಎಂದರೆ ನೈರೋಬಿಯಲ್ಲಿ ಚಳಿಗಾಲ. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ದೆ. ಮೀನಿನ ಗಾಜಿನ ತೊಟ್ಟಿಯ ಹೀಟರ್ ಕೆಲಸ ಮಾಡದೆ ಮೀನುಗಳು ನಡುಗುತ್ತಿರಬಹುದು ಎನಿಸಿ ನಮ್ಮ ದಪ್ಪ ಕಂಬಳಿಯನ್ನು ತೊಟ್ಟಿಗೆ ಸುತ್ತಲೂ ಹೊದಿಸಿ ಬಂದೆ.

ಬೆಳಿಗ್ಗೆ ಹೋಗಿ ಕಂಬಳಿ ಸರಿಸಿದೆ. ನೀಲಿಯಿಲ್ಲ, ಕೆಂಪಿಲ್ಲ. ಒಂದೊಂದು ಮೀನು ಒಂದೊಂದು ಮೂಲೆಯಲ್ಲಿ, ತಳದ ಹತ್ತಿರ, ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನೆ ನಿಂತಿತ್ತು. ಮೊದಲ ಬಾರಿಗೆ ಸಲೀಸಾಗಿ ಎಣಿಸಿದೆ, ಹನ್ನೆರಡೂ ಇದ್ದವು. ಎಣಿಸಲು ಸಿಕ್ಕಿದ್ದೇ ನನಗೆ ಇನ್ನಷ್ಟು ಭಯ ತಂದಿತು. ಅಕ್ಕನ ವಿಮಾನ ಆಗಲೇ ಇಳಿದಿತ್ತು. ಹೊಸ ಕಾಟನ್ ಸೀರೆಯ ಹಾಗೆ ಬಣ್ಣ ಬಿಟ್ಟಿರಬಹುದೇ ಎಂದು ಸ್ಟೀಲ್ ಲೋಟದಲ್ಲಿ ನೀರು ತೆಗೆದು ಕಿಟಕಿಯ ಪರದೆಯ ಸಂದಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಸುಧಾ ಬಂದಳು.

"ಏನ್ರೀ ಇದು, ಮೀನಿನ ನೀರು ಕುಡೀತೀರಾ?"

"ಸಾಯಿಸಿಬಿಟ್ಟೆ ಕಣೇ. ಅಕ್ಕಂಗೆ ಏನು ಹೇಳ್ಲಿ?"

ಅವಳು ಪರದೆ ಸರಿಸಿ, ಮೊಬೈಲಿನಲ್ಲಿ ಏನೋ ಓದಿ, ನನ್ನ ಕಡೆ ನೋಡಿದಳು. "ಮಲಗಿದ್ವು ರೀ. ಕತ್ತಲಾದ್ರೆ ಇವು ಗುಂಪು ಬಿಟ್ಟು, ಬಣ್ಣ ಇಳಿಸಿ ಮಲಗ್ತವಂತೆ. ಕತ್ತಲೇಲಿ ಯಾರಿಗೋಸ್ಕರ ಶೃಂಗಾರ ಮಾಡ್ಕೋಬೇಕು?"

ಬೆಳಕು ತೊಟ್ಟಿಗೆ ಬಿದ್ದು ಸ್ವಲ್ಪ ಹೊತ್ತಿಗೆ ಒಂದರ ಮೈಮೇಲೆ ನೀಲಿ ಮಿನುಗಿತು, ಮತ್ತೊಂದರ ಬಾಲ ಕೆಂಪೇರಿತು. ಆಮೇಲೆ ಎಲ್ಲವೂ ಒಟ್ಟುಗೂಡಿ, ಏನೂ ಆಗಿಲ್ಲವೆಂಬಂತೆ ಒಟ್ಟಿಗೆ ತಿರುಗಿದವು. ನಾನು ಮತ್ತೆ ಎಣಿಸಲು ಹೋಗಿ ಏಳಕ್ಕೇ ತಪ್ಪಿದೆ. ತಪ್ಪಿದ್ದಕ್ಕೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಸೋಫಾದ ಮೇಲೆ ಕುಸಿದು ಕುಳಿತೆ.

ಬಾಗಿಲಲ್ಲಿ ಟ್ಯಾಕ್ಸಿಯವನಿಗೆ "ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳುತ್ತಾ ಶಾಲಿನಿ ಅಕ್ಕ ಒಳಗೆ ಬಂದರು. ಚಪ್ಪಲಿ ಕೂಡ ಬಿಡದೆ ನೇರ ತೊಟ್ಟಿಯ ಮುಂದೆ ನಿಂತು ಕಣ್ತುಂಬ ನೋಡಿ, ನನ್ನ ಕಡೆ ತಿರುಗಿದರು. "ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ! ಆದ್ರೆ ನಿಮಗೇನಾಯ್ತು ಶ್ರೀಧರ್? ಮುಖದಲ್ಲಿ ಬಣ್ಣಾನೇ ಇಲ್ವಲ್ಲ."

"ಅವರಿಗಿನ್ನೂ ಬೆಳಗಾಗಿಲ್ಲ ಅಕ್ಕ," ಎಂದು ಸುಧಾ ಆ ಕಂಬಳಿಯನ್ನು ನನಗೇ ಹೊದಿಸಿದಳು.