ಅಜ್ಜಿ ಅಲ್ಲಾಡಬಾರದು

ಅವತ್ತಿನ ಎಡವಟ್ಟಿಗೆಲ್ಲ ಮೂಲ ಅಜ್ಜಿಯ ಕೈಗಳು. ಸುಮ್ಮನಿರುವುದು ಅವಕ್ಕೆ ಗೊತ್ತೇ ಇಲ್ಲ.

ಮೊಮ್ಮಗ ಚಿತ್ರಕಲಾ ಪದವಿಯ ಕೊನೇ ವರ್ಷದವನು. ಆನ್‌ಲೈನ್ ಪಾಠ ಶುರುವಾದ ಮೇಲೆ ಮುಖಚಿತ್ರದ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಅವತ್ತಿನ ಮೂರನೇ ಪ್ರಯತ್ನವೂ ಕೈಕೊಟ್ಟರೆ ಇಡೀ ವರ್ಷ ಹೋದಂತೆಯೇ. ಮನೆಯವರೊಬ್ಬರನ್ನು ಎದುರು ಕೂರಿಸಿಕೊಂಡು ಎರಡು ಗಂಟೆಯಲ್ಲಿ ಮುಖ ಬರೆಯಬೇಕು. ಮೇಷ್ಟ್ರಿಗೆ ಹಾಳೆ ಮತ್ತು ಬರೆಯುವ ಕೈ ಮಾತ್ರ ಕಾಣಬೇಕು. ಅದಕ್ಕೆಂದೇ ಅವನು ಬಗ್ಗುವ ಕತ್ತಿನ ಮೇಜುದೀಪಕ್ಕೆ ಫೋನು ಕಟ್ಟಿ, ತನ್ನ ಹಾಳೆಯ ಮೇಲೆ ಬಗ್ಗಿಸಿದ್ದ.

"ಅಜ್ಜೀ, ಅಲ್ಲಾಡ್ಬೇಡ!"

"ನಾನೆಲ್ಲಪ್ಪಾ ಅಲ್ಲಾಡ್ದೆ? ಕೈ ಅಷ್ಟೇ."

ಕೈ ಕನ್ನಡಕ ಸರಿಮಾಡಿತು, ಮೇಜಿನ ಧೂಳು ಒರೆಸಿತು, ಅವನ ರಬ್ಬರನ್ನೂ ತೊಳೆಯಲು ಎತ್ತಿಕೊಂಡಿತು. ಸಾಕಾಗಿ ಅವನು ಒಂದು ಹಾಳೆ, ಒಂದು ತುಂಡು ಇದ್ದಿಲು ಅವಳ ಮುಂದಿಟ್ಟ. "ಏನಾದ್ರೂ ಗೀಚ್ತಾ ಇರು, ತಾಯಿ."

ಅಷ್ಟರಲ್ಲಿ ಫೋನಿನಿಂದ ಮೇಷ್ಟ್ರು, "ಏನೂ ಕಾಣ್ತಿಲ್ಲ, ಸಿಗ್ನಲ್ ಇಲ್ವೇನೋ?" ಎಂದರು. ಕರೆಯದೇ ಬರುವ ಪಕ್ಕದ ಮನೆ ಆಂಟಿ ಆಗಲೇ ಬಾಗಿಲಲ್ಲಿದ್ದರು.

"ಕಿಟಕಿ ಕಡೆ ತಿರುಗಿಸ್ಬೇಕಪ್ಪಾ! ನೀನು ಬರಿ, ನಾನು ನೋಡ್ಕೋತೀನಿ," ಎಂದು ದೀಪದ ಕತ್ತು ಹಿಡಿದು ತಿರುವಿಯೇಬಿಟ್ಟರು; ಕ್ಯಾಮೆರಾಕ್ಕೆ ಮುಖವಿಟ್ಟು ಇಣುಕಿಯೂ ನೋಡಿದರು. ಕಿಟಕಿ ಇದ್ದದ್ದು ಅಜ್ಜಿಯ ಕಡೆ.

"ಹಾಂ, ಈಗ ಕಾಣ್ತಿದೆ. ಮಸುಕು, ಆದ್ರೂ ಪರವಾಗಿಲ್ಲ," ಎಂದರು ಮೇಷ್ಟ್ರು. ಹಾಳೆಯಲ್ಲಿ ಮೂಗು ಹುದುಗಿಸಿದ್ದ ಹುಡುಗ ತಲೆ ಎತ್ತಲಿಲ್ಲ.

ಅರ್ಧ ಗಂಟೆಯ ನಂತರ ಮೇಷ್ಟ್ರ ದನಿ ಬಂತು. "ಭೇಷ್ ಕಣೋ! ಕೈ ಎಷ್ಟು ಪಳಗಿದೆ!"

ಹುಡುಗನಿಗೆ ಅಳುವೇ ಬಂತು. ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಇನ್ನೂ ಹುರುಪಿನಿಂದ ಬರೆದ.

"ಟೈಮಾಯ್ತು. ಕಣ್ಣಲ್ಲಿರೋ ಆ ಗಾಬರಿ, ಗಲ್ಲದ ಮಚ್ಚೆ... ಪಾಸು ಬಿಡು! ಯಾರೋ ಇದು, ನಿನ್ನ ತಮ್ಮನಾ?"

ಅವನಿಗೆ ತಮ್ಮನಿರಲಿಲ್ಲ. ಕೈ ತಾನಾಗಿ ತನ್ನ ಗಲ್ಲದ ಮಚ್ಚೆ ಮುಟ್ಟಿತು. ಅಜ್ಜಿಯ ಮುಂದಿನ ಹಾಳೆಯ ಮೇಲೆ, ನಾಲಿಗೆ ಕಚ್ಚಿಕೊಂಡು ಹೆದರಿ ಕೂತವನು ಅವನೇ! ಅಜ್ಜಿ ತುಟಿಯ ಮೇಲೆ ಮಸಿ ಬೆರಳಿಟ್ಟು, ಸುಮ್ಮನಿರು ಎಂದು ಕಣ್ಸನ್ನೆ ಮಾಡಿದಳು.

ಅವನಿಗೆ ಸುಮ್ಮನಿರಲು ಆಗಲಿಲ್ಲ. "ಸಾರ್... ಅದು ಅಜ್ಜಿ ಬರೆದಿದ್ದು. ನಂದು ಇಲ್ಲಿದೆ," ಎಂದು ತನ್ನ ಹಾಳೆಯನ್ನು ಫೋನಿಗೆ ಹಿಡಿದ.

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಇದ್ಯಾರೋ? ಆಗ ಫೋನಿಗೆ ಇಣುಕಿದ್ರಲ್ಲ, ಆ ಆಂಟಿಯಾ?"

ಅಲ್ಲಿಗೆ ಅವನ ವರ್ಷ ಹೋಯಿತು.

"ಬೇಜಾರು ಮಾಡ್ಕೋಬೇಡ, ಮುಂದಿನ ವರ್ಷ ಬರಿ," ಎಂದು ದನಿ ತಗ್ಗಿಸಿದರು ಮೇಷ್ಟ್ರು. "ಅಮ್ಮಾ, ನೀವು ಎಲ್ಲಿ ಕಲಿತ್ರಿ?"

"ಎಲ್ಲೂ ಇಲ್ಲಪ್ಪಾ. ಇಪ್ಪತ್ತೊಂದು ವರ್ಷದಿಂದ ಇವನ ಮುಖ ನೋಡ್ತಾನೇ ಇದ್ದೀನಲ್ಲ."

ಕರೆ ಮುಗಿಯುತ್ತಲೇ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: 'ಆನ್‌ಲೈನ್ ಕಲಿಕೆ ನಿಮಗೆ ತೃಪ್ತಿ ತಂದಿದೆಯೇ?' ಹುಡುಗ ಮುಖ ಮುಚ್ಚಿಕೊಂಡ. ಅಜ್ಜಿ ಅವನ ತಲೆ ಸವರಿ, ಮಸಿ ಬೆರಳಿನಿಂದಲೇ 'ತುಂಬಾ' ಎಂಬುದನ್ನು ಒತ್ತಿ, ಹೊಸ ಹಾಳೆ ಎಳೆದುಕೊಂಡಳು.

"ಕೈ ತೆಗಿ ಕಂದಾ, ಮುಖ ಕಾಣ್ಲಿ. ಇನ್ನು ಅಲ್ಲಾಡ್ಬೇಡ."