ಗುಂಡನ ಸವಾರಿ ಆಮ್‌ಸ್ಟರ್‌ಡ್ಯಾಮಿಗೆ

ಒಂಟಿಯಾಗಿ ದೇಶ ಸುತ್ತುವವಳ ಗೊಡವೆಗೆ ಯಾರೂ ಬರುವುದಿಲ್ಲ. ಕೈಯಲ್ಲಿ ನಾಯಿಯ ಹಗ್ಗವಿದ್ದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ.

ಆ ಹಗ್ಗ ನನ್ನ ಕೈಗೆ ಬಂದದ್ದು ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ. ಕೆಳಗಿನ ಫ್ಲಾಟಿನ ಮಂಗಳೂರು ಹುಡುಗಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸ ಸಿಕ್ಕಿತು. "ಎರಡೇ ವಾರ ಅಕ್ಕ, ಮನೆ ಸಿಕ್ಕಿದ ಕೂಡಲೇ ಕರ್ಕೊಂಡು ಹೋಗ್ತೇನೆ" ಎಂದು ತನ್ನ ನಾಯಿ ಗುಂಡನನ್ನು ಬಿಟ್ಟುಹೋದಳು. ನಾಯಿ ಸಾಕಲು ಬಿಡುವ ಮನೆ ಸಿಗಲು ಎರಡು ವರ್ಷ ಹಿಡಿಯಿತು. ಒಂದೂರಲ್ಲಿ ಹೆಚ್ಚು ದಿನ ನಿಂತರೆ ಅಂಗಾಲು ತುರಿಸುವ ನಾನು, ಸೂಟ್‌ಕೇಸನ್ನು ಮಂಚದಡಿ ತಳ್ಳಿ ಅವನಿಗೆ ಮೊಸರನ್ನ ಕಲಸುತ್ತಾ ಕೂತೆ. ಕೊನೆಗೆ ಫೋನ್ ಬಂತು: "ಮನೆ ಸಿಕ್ಕಿತು, ತಂದುಬಿಡಿ." "ಅಂತೂ ನಿನಗೆ ಬಿಡುಗಡೆ" ಎಂದರು ಗೆಳತಿಯರು. ಹೌದು ಹೌದು ಎಂದೆ.

ಬಸ್ಸಿನಲ್ಲಿ

ಹೊರಡುವ ಮುಂಚೆ ಗುಂಡನ ಆರೋಗ್ಯ ತಪಾಸಣೆ ಆಗಬೇಕು. ಫಾಲೋಫೀಲ್ಡಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ವಿದ್ಯಾರ್ಥಿಗಳು. ಗುಂಡ ಎಲ್ಲರ ಬ್ಯಾಗು ಮೂಸತೊಡಗಿದ. ನನಗೆ ರೇಗಿತು. "ಏಯ್, ಎಷ್ಟು ಸಲ ಹೇಳ್ಬೇಕೋ ನಿಂಗೆ? ಕೂತ್ಕೋ ಸುಮ್ನೆ!"

ಗುಂಡ ಕೂರಲಿಲ್ಲ. ಕಂಬ ಹಿಡಿದು ನಿಂತಿದ್ದ ಹುಡುಗನೊಬ್ಬ ಯಾರದೋ ಬ್ಯಾಗಿನ ಮೇಲೆ ಧಬಕ್ಕನೆ ಕೂತುಬಿಟ್ಟ.

"ಅಯ್ಯೋ, ನಾಯಿಗೆ ಹೇಳಿದ್ದಪ್ಪಾ!"

"ಇರ್ಲಿ ಬಿಡ್ರಿ ಆಂಟಿ. ಧಾರವಾಡ ಬಿಟ್ಟ ಮ್ಯಾಲೆ ಯಾರೂ ಹಿಂಗ ಬೈದಿದ್ದಿಲ್ಲ. ಇನ್ನೊಮ್ಮೆ ಬೈತೀರೇನ್ರಿ?"

ಡಾಕ್ಟರ ಮುಂದೆ

ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಕೂರು ಎಂದಳು, ಕೈ ಕೊಡು ಎಂದಳು. ಗುಂಡ ಗೋಡೆ ನೋಡಿದ.

"ಇವನಿಗೆ ಕಿವಿ ಕೇಳಿಸುತ್ತದೆಯೇ?"

"ಕಿವಿ ಚೆನ್ನಾಗಿದೆ. ಇಂಗ್ಲಿಷ್ ಬರುವುದಿಲ್ಲ."

"ಹುಟ್ಟಿದ್ದು ಲೀಡ್ಸಿನಲ್ಲಿ ಎಂದಿರಲ್ಲ!"

ಇಲ್ಲಿ ಹುಟ್ಟಿದ ನಮ್ಮವರ ಮಕ್ಕಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ದಿನವಿಡೀ ನನ್ನ ಕನ್ನಡ ಕೇಳಿ, ಎದುರಾಡದೆ ಇದ್ದವನು ಇವನೊಬ್ಬನೇ. "ಕೈ ಕೊಡೋ" ಎಂದೆ. ಕೊಟ್ಟ. ಡಾಕ್ಟರಮ್ಮನೂ ಬಗ್ಗಿ ಪ್ರಯತ್ನಿಸಿದಳು: "ಕಾಯ್ ಕೋಡೋ." ಗುಂಡ ನನ್ನ ಮುಖ ನೋಡಿದ, 'ಪಾಪ, ಕೊಟ್ಟುಬಿಡಲಾ?' ಎನ್ನುವ ಹಾಗೆ.

ಹುಳದ ಮಾತ್ರೆ

ಹಲ್ ಬಂದರಿನಲ್ಲಿ ಕಾರನ್ನು ಹಡಗಿಗೆ ಹತ್ತಿಸಿ, ಆಚೆ ದಡದಿಂದ ಓಡಿಸಿಕೊಂಡು ಹೋದೆವು. ಕಾಲುವೆ ಪಕ್ಕದ ಮನೆಯ ಬಾಗಿಲು ತೆರೆಯುವ ಮೊದಲೇ ಗುಂಡ ಒಂದು ದನಿ ತೆಗೆದ. ಎರಡು ವರ್ಷದಲ್ಲಿ ನನ್ನೆದುರು ಆ ದನಿ ತೆಗೆದವನೇ ಅಲ್ಲ. ಹುಡುಗಿ ಹೊಸ್ತಿಲಲ್ಲೇ ಕೂತು ಅತ್ತಳು. ನಾನು ಕಾಲುವೆಯ ಬಾತುಕೋಳಿಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮರುದಿನ ಎಂದೆ: "ಇಲ್ಲಿ ನಾಯಿ ಡಾಕ್ಟರು ಎಲ್ಲಿದ್ದಾರೆ? ಇವನಿಗೆ ಹುಳದ ಮಾತ್ರೆ ಹಾಕಿಸಬೇಕು."

"ಅದು ಇಂಗ್ಲೆಂಡಿಗೆ ವಾಪಸ್ ಹೋಗುವ ನಾಯಿಗಳಿಗೆ ಅಲ್ವಾ ಅಕ್ಕ, ಹಾಕುವುದು?"

"ಗೊತ್ತು ಮಾರಾಯ್ತಿ. ಸುಮ್ನೆ, ಇರಲಿ ಅಂತ."

ಅವಳು ನನ್ನನ್ನೇ ನೋಡುತ್ತಾ ಜಾಕೆಟ್ ಹಾಕಿಕೊಂಡು ಜೊತೆಗೆ ಬಂದಳು. ಗುಂಡ ಚೀಸಿನೊಳಗಿಟ್ಟ ಮಾತ್ರೆಯನ್ನು ನನ್ನ ಕೈಯಿಂದ ತಿಂದು, ಹೋಗಿ ಅವಳ ಪಾದದ ಮೇಲೆ ಮಲಗಿದ. ನುಂಗಿದ್ದು ಅವನು, ಬಾಯಿ ಕಹಿಯಾದದ್ದು ನನಗೆ.

ಹಡಗಿನಲ್ಲಿ

ಬರುವಾಗ ಒಬ್ಬಳೇ. ಆದರೆ ನಾಯಿ ಜೊತೆಗಿರಬಹುದಾದ ಕ್ಯಾಬಿನ್ನನ್ನು ನಾನು ಎರಡೂ ಕಡೆಗೆ ಕಾದಿರಿಸಿದ್ದೆ. ಯಾಕೆ ಅಂತ ಕೇಳಬೇಡಿ.

ಸಂಜೆ ಹಡಗಿನ ಮಾಣಿ ಬಾಗಿಲು ತಟ್ಟಿದ. ನೀರಿನ ಬಟ್ಟಲು, ಟವೆಲು, ಮೂಳೆಯಾಕಾರದ ಬಿಸ್ಕತ್ತು ತಂದಿದ್ದ. "ಎಲ್ಲಿ ನಮ್ಮ ಅತಿಥಿ?"

ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಬಾತ್‌ರೂಮಿನಲ್ಲಿದ್ದಾನೆ."

"ಹೆದರಿರಬೇಕು ಪಾಪ. ಮಾತಾಡಿಸುತ್ತಿರಿ, ಸರಿಹೋಗುತ್ತಾನೆ" ಎಂದು ಪಿಸುಗುಟ್ಟಿ, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದ.

ನೆಲದ ಮೇಲೆ ಕೂತು ಖಾಲಿ ಬಾತ್‌ರೂಮಿನ ಜೊತೆ ಮಾತಾಡಿದೆ. "ಉಂಡ್ಯೇನೋ? ಅಲ್ಲಿ ಮೊಸರನ್ನ ಹಾಕಿದಳಾ?" ಬಹಳ ಹೊತ್ತು ಮಾತಾಡಿದೆ.

ಬೆಳಿಗ್ಗೆ ಆ ಮಾಣಿ ಬಟ್ಟಲು ಒಯ್ಯಲು ಬಂದ. "ಇಷ್ಟು ವರ್ಷದಲ್ಲಿ ಇಂಥ ಸಾಧು ನಾಯಿ ಕಂಡಿಲ್ಲ. ಒಂದು ಸಲವೂ ಬೊಗಳಲಿಲ್ಲ! ಬಿಸ್ಕತ್ತೂ ಪೂರ್ತಿ ಮುಗಿಸಿದ್ದಾನಲ್ಲ, ಇಷ್ಟವಾಯಿತೇ?"

"ಪರವಾಗಿಲ್ಲ" ಎಂದೆ. "ಉಪ್ಪು ಸ್ವಲ್ಪ ಕಮ್ಮಿ."